ಬೇವಿನ ಕಷಾಯದ ಬಗ್ಗೆ ನಮಗೆ ನಿಜ ಹೇಳಿ: ಕಾಫಿ ಸಂಶೋಧನೆಯ ಹೊಣೆ ಹೊತ್ತವರಿಗೆ ಒಂದು ಬಹಿರಂಗ ಪತ್ರ

ಕಾಫಿ ಸಂಶೋಧನೆ, ವಿಸ್ತರಣೆ ಹಾಗೂ ಕೀಟನಾಶಕಗಳ ಗುಣಪರೀಕ್ಷೆಯ ಹೊಣೆ ಹೊತ್ತಿರುವ ಎಲ್ಲ ಅಧಿಕಾರಿಗಳಿಗೆ ಮತ್ತು ವಿಜ್ಞಾನಿಗಳಿಗೆ,

ಮಾನ್ಯರೇ,

ನಾನು ಮೂಡಿಗೆರೆ ತಾಲ್ಲೂಕಿನ ಒಬ್ಬ ಸಣ್ಣ ಕಾಫಿ ಬೆಳೆಗಾರ. 4 ಎಕರೆ ಅರೇಬಿಕಾ, 3 ಎಕರೆ ರೋಬಸ್ಟಾ ಇದೆ. ನಮ್ಮ ತಂದೆಯವರ ಕಾಲದಿಂದ ಬಂದ ತೋಟ. ಗಿಡಮೂಲಿಕೆಗಳಿಂದ ತಯಾರಿಸಿದ ಕೀಟನಾಶಕಗಳನ್ನು ನಂಬಿ ಒಮ್ಮೆ ದೊಡ್ಡ ನಷ್ಟ ಅನುಭವಿಸಿದ್ದೇನೆ. ಗಿಡಮೂಲಿಕೆಯ ಕಷಾಯದಿಂದಲೇ ಇನ್ನೊಂದು ಕಡೆ ಕಣ್ಣಾರೆ ಕಂಡ ಪ್ರಯೋಜನವನ್ನೂ ಪಡೆದಿದ್ದೇನೆ. ಈ ಎರಡು ಅನುಭವಗಳ ನಡುವಿನ ವ್ಯತ್ಯಾಸವನ್ನು ಸರಿಯಾಗಿ ವಿವರಿಸಿ ಹೇಳಬಲ್ಲವರು ಯಾರೂ ನನಗೆ ಸಿಗಲಿಲ್ಲ. ನಾನಾಗಿಯೇ ಓದಿ, ಕೇಳಿ, ತೋಟದಲ್ಲಿ ನೋಡಿ ತಿಳಿದುಕೊಳ್ಳಲು ನಾಲ್ಕು ವರ್ಷ ಬೇಕಾಯಿತು. ನನ್ನಂತಹ ಇನ್ನೊಬ್ಬ ಬೆಳೆಗಾರ ಅದಕ್ಕೆ ಇನ್ನೂ ನಾಲ್ಕು ವರ್ಷ ಮತ್ತು ಇನ್ನೂ ಮುನ್ನೂರು ಗಿಡಗಳನ್ನು ಕಳೆದುಕೊಳ್ಳಬಾರದು ಎಂಬ ಕಾಳಜಿಯಿಂದ ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ಮೊದಲು ನಡೆದದ್ದನ್ನು ಹೇಳುತ್ತೇನೆ. ನಾಲ್ಕು ವರ್ಷಗಳ ಹಿಂದೆ ಮಾರ್ಚ್ ತಿಂಗಳಿನಲ್ಲಿ ಔಷಧಿ ಅಂಗಡಿಯೊಂದರಲ್ಲಿ ಲೀಟರಿಗೆ 1,450 ರೂಪಾಯಿ ಕೊಟ್ಟು 6 ಲೀಟರ್ ಔಷಧಿ ತಂದೆ. ಬಾಟಲಿಯ ಮೇಲೆ ಹಸಿರು ಎಲೆಗಳ ಚಿತ್ರವಿತ್ತು. ಇದು ಪೂರ್ತಿ ಗಿಡಮೂಲಿಕೆಯದು, ಬೋರರ್ (ಬಿಳಿ ಕಾಂಡಕೊರಕ), ಹಿಟ್ಟು ತಿಗಣೆ, ಕಾಯಿಕೊರಕ, ಎಲೆ ತುಕ್ಕು ಎಲ್ಲಕ್ಕೂ ಇದೊಂದೇ ಸಾಕು ಎಂದು ಬರೆದಿತ್ತು. ಒಳಗೆ ಯಾವ ಗಿಡದ ಸಾರವಿದೆ, ಎಷ್ಟಿದೆ, ತಯಾರಾದದ್ದು ಯಾವಾಗ, ಎಲ್ಲಿಯವರೆಗೆ ಬಳಸಬಹುದು ಎಂಬ ಯಾವ ಮಾಹಿತಿಯೂ ಇರಲಿಲ್ಲ. ನೋಂದಣಿ ಸಂಖ್ಯೆಯೂ ಇರಲಿಲ್ಲ. ಇದನ್ನು ಬಳಸಿದರೆ ಕಾಂಡಕ್ಕೆ ಸುಣ್ಣ ಹೊಡೆಯುವ ಅಗತ್ಯವಿಲ್ಲ ಎಂದು ಮಾರಿದವರು ಬಾಯಿಮಾತಿನಲ್ಲಿ ಭರವಸೆ ಕೊಟ್ಟರು. ಆಳುಗಳ ಕೊರತೆಯಿಂದ ಸೋತಿದ್ದ ನಾನು ಅದನ್ನು ನಂಬಿ ಆ ವರ್ಷ ಸುಣ್ಣವನ್ನು ಕೈಬಿಟ್ಟೆ. ಬೋರರ್ ಗಿಡಗಳನ್ನು ಹುಡುಕಿ ಕಿತ್ತುಹಾಕುವ ಕೆಲಸವನ್ನೂ ಅರೆಬರೆ ಮಾಡಿದೆ. ಏಪ್ರಿಲ್, ಮೇ ತಿಂಗಳಲ್ಲಿ ಎರಡು ಸಲ ಆ ಔಷಧಿಯನ್ನು ಎಲೆ, ಕಾಂಡ ತೊಯ್ಯುವಂತೆ ಹೊಡೆಸಿದೆ.

ಮರುವರ್ಷದ ಮಾರ್ಚ್‌ನಲ್ಲಿ ಗಿಡ ನೋಡುತ್ತ ಹೋದಾಗ ಎದೆ ಒಡೆಯಿತು. ಪ್ರತಿ ವರ್ಷ 40, ಹೆಚ್ಚೆಂದರೆ 50 ಗಿಡ ಹೋಗುತ್ತಿದ್ದ ತೋಟದಲ್ಲಿ 312 ಗಿಡಗಳನ್ನು ಕೀಳಬೇಕಾಯಿತು. ಎಲೆ ಹಳದಿಗೆ ತಿರುಗಿ ಜೋತುಬಿದ್ದಿದ್ದವು. ಕಾಂಡವನ್ನು ಕೈಯಿಂದ ಸವರಿದರೆ ತೊಗಟೆಯ ಕೆಳಗೆ ಉಬ್ಬಿದ ಏಣುಗಳು ಬೆರಳಿಗೆ ಸಿಗುತ್ತಿದ್ದವು. ನಮ್ಮಲ್ಲಿ ಇಪ್ಪತ್ತು ವರ್ಷಗಳಿಂದ ಕೆಲಸ ಮಾಡುತ್ತಿರುವ ಹಿರಿಯರೊಬ್ಬರು ಒಂದು ಕಾಂಡವನ್ನು ಕತ್ತಿಯಿಂದ ಉದ್ದಕ್ಕೆ ಸೀಳಿ ತೋರಿಸಿದರು. ಒಳಗಿನ ಸುರಂಗದ ತುಂಬ ಹಿಟ್ಟಿನಂತೆ ನುಣ್ಣಗಾದ ಮರದ ಪುಡಿ ಗಟ್ಟಿಯಾಗಿ ಮೆತ್ತಿಕೊಂಡಿತ್ತು, ಅದರ ತುದಿಯಲ್ಲಿ ತಲೆ ಅಗಲವಾಗಿ ಬಾಲ ಸಣ್ಣಗಾದ ಬಿಳಿಯ ಹುಳ ಮಿಸುಕುತ್ತಿತ್ತು. "ಔಷಧಿ ಹೊರಗೆ, ಹುಳ ಒಳಗೆ. ಸಾಯೋದು ಹೆಂಗೆ ಅಯ್ಯಾ?" ಎಂದು ಅವರು ಕೇಳಿದರು. ಬಾಟಲಿಯ ಮೇಲೆ ಬರೆದಿರಬೇಕಾಗಿದ್ದ ಸತ್ಯ ಆ ಒಂದು ಮಾತಿನಲ್ಲಿತ್ತು.

ಬಿಳಿ ಕಾಂಡಕೊರಕದ ದುಂಬಿ ವರ್ಷಕ್ಕೆ ಎರಡು ಸಲ, ಏಪ್ರಿಲ್‌-ಮೇ ತಿಂಗಳಲ್ಲಿ ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹಾರಾಡುತ್ತದೆ. ಬಿಸಿಲು ಬೀಳುವ ಕಾಂಡಗಳ ತೊಗಟೆಯ ಸೀಳುಗಳಲ್ಲಿ ಮೊಟ್ಟೆಯಿಡುತ್ತದೆ. ಮರಿ ಮರದೊಳಗೆ ನುಗ್ಗಿದ ಮೇಲೆ ತಿಂಗಳುಗಟ್ಟಲೆ ಹೊರಗೆ ಬರುವುದೇ ಇಲ್ಲ. ಆದ್ದರಿಂದ ಎಲೆಗೆ ಏನು ಹೊಡೆದರೂ, ಅದು ಬೇವಾಗಿರಲಿ ಬೇರೆ ವಿಷವಾಗಿರಲಿ, ಒಳಗಿನ ಹುಳಕ್ಕೆ ತಟ್ಟುವುದಿಲ್ಲ. ನಮ್ಮ ಕೈಯಲ್ಲಿರುವುದು ದುಂಬಿ ಮೊಟ್ಟೆಯಿಡುವ ಆ ಕೆಲವು ವಾರಗಳು ಮಾತ್ರ. ಹಾರಾಟಕ್ಕೆ ಮುಂಚೆ ಹುಳ ಹಿಡಿದ ಗಿಡವನ್ನು ಕಿತ್ತು ಸುಡುವುದು, ಸಡಿಲ ತೊಗಟೆಯನ್ನು ಉಜ್ಜಿ ತೆಗೆಯುವುದು, ನೆರಳು ಕಾಯುವುದು, ಕಾಂಡಕ್ಕೆ ಶೇಕಡ 10ರ ಸುಣ್ಣದ ನೀರು ಹೊಡೆಯುವುದು, ದುಂಬಿಯನ್ನು ವಾಸನೆಯಿಂದ ಸೆಳೆದು ಹಿಡಿಯುವ ಮೋಹಕ ಬಲೆ ಕಟ್ಟುವುದು ಇವೆಲ್ಲ ಅದಕ್ಕಾಗಿಯೇ ಇರುವ ಕ್ರಮಗಳು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರದಂತಹ ಸಂಸ್ಥೆ ನಮ್ಮ ಜಿಲ್ಲೆಯಲ್ಲೇ ಇದೆ. ಸುಣ್ಣ ಮತ್ತು ಬಲೆಯ ತಿಳಿವಳಿಕೆ ಸಂಶೋಧನೆಯಿಂದಲೇ ನಮಗೆ ಬಂದದ್ದು ಎಂಬುದನ್ನು ಕೃತಜ್ಞತೆಯಿಂದ ನೆನೆಯುತ್ತೇನೆ. ಅಷ್ಟೇ ಸ್ಪಷ್ಟವಾದ ಮಾತು ಗಿಡಮೂಲಿಕೆಯ ಬಗ್ಗೆಯೂ ನಮ್ಮ ಕಿವಿಗೆ ಬೀಳಬೇಕು ಎಂಬುದೇ ನನ್ನ ಬೇಡಿಕೆ.

ಬೆಳೆಗಾರರು ಗಿಡಮೂಲಿಕೆಯ ಕಡೆಗೆ ಸುಮ್ಮನೆ ಹೋಗುತ್ತಿಲ್ಲ ಎಂಬುದನ್ನೂ ತಾವು ಗಮನಿಸಬೇಕು. ನಮ್ಮ ತಂದೆಯವರು ಬೋರರ್‌ಗೆಂದು ಕಾಂಡಕ್ಕೆ ಲಿಂಡೇನ್ ಎಂಬ ರಾಸಾಯನಿಕ ಕೀಟನಾಶಕ ಬಳಿಸುತ್ತಿದ್ದರು. ಆ ದಿನ ಸಂಜೆ ಆಳುಗಳು ತಲೆ ಸುತ್ತುತ್ತದೆ ಎಂದು ಹೇಳುತ್ತಿದ್ದುದು ನನಗೆ ನೆನಪಿದೆ. ಆ ಲಿಂಡೇನ್ ಬಳಕೆ ನಮ್ಮ ದೇಶದಲ್ಲಿ 2013ರಿಂದ ನಿಷಿದ್ಧ. ಕಾಯಿಕೊರಕಕ್ಕೆ ಹೊಡೆಯುತ್ತಿದ್ದ ಎಂಡೋಸಲ್ಫಾನ್ ಅನ್ನು 2011ರಲ್ಲಿ ಸುಪ್ರೀಂ ಕೋರ್ಟ್ ತಡೆಯಿತು. ಘಟ್ಟದ ಕೆಳಗಿನ ಕೊಕ್ಕಡದಲ್ಲಿ, ಕಾಸರಗೋಡಿನಲ್ಲಿ ಅದೇ ಔಷಧಿಯನ್ನು ಗೇರು ತೋಟಗಳಿಗೆ ಹೆಲಿಕಾಪ್ಟರ್‌ನಿಂದ ಸಿಂಪಡಿಸಿದ ಊರುಗಳ ಮಕ್ಕಳ ಪಾಡನ್ನು ಕಂಡ ಮೇಲೆ ಆ ಹೆಸರನ್ನು ಕೇಳಲೂ ನಮಗೆ ಮನಸ್ಸಿಲ್ಲ. ಕ್ಲೋರ್‌ಪೈರಿಫಾಸ್ ಎಂಬ ಇನ್ನೊಂದು ಕೀಟನಾಶಕಕ್ಕೆ ಯುರೋಪಿನ ಒಕ್ಕೂಟ 2020ರಲ್ಲಿ ಬಾಗಿಲು ಮುಚ್ಚಿತು. ಅಲ್ಲಿಗೆ ಹೋಗುವ ಕಾಫಿಯಲ್ಲಿ ಅದರ ಶೇಷ ಕಿಲೋಗೆ 0.01 ಮಿಲಿಗ್ರಾಂ ಮೀರುವಂತಿಲ್ಲ. ಭಾರತದ ಕಾಫಿಯ ಬಹುಪಾಲು ರಫ್ತಾಗುವುದು, ಅದರಲ್ಲೂ ಇಟಲಿ, ಜರ್ಮನಿಯಂತಹ ದೇಶಗಳಿಗೆ. ಹೀಗೆ ಒಂದೊಂದೇ ಔಷಧಿ ಕೈತಪ್ಪುತ್ತ ಹೋದಾಗ, ಅದರ ಜಾಗಕ್ಕೆ ಏನು ಎಂಬ ಪ್ರಶ್ನೆಗೆ ಉತ್ತರ ಸಿಗದೆ ಉಳಿದ ಖಾಲಿ ಜಾಗವನ್ನು ಎಲೆಯ ಚಿತ್ರದ ಬಾಟಲಿಗಳು ತುಂಬಿವೆ. ನಿಷೇಧಗಳು ಸರಿಯೇ ಆಗಿದ್ದವು, ಅದರಲ್ಲಿ ನನಗೆ ಎರಡು ಮಾತಿಲ್ಲ.

ಈಗ ಒಳ್ಳೆಯ ಅನುಭವ. ಎರಡು ವರ್ಷಗಳ ಹಿಂದೆ ಕಾಫಿ ಹೂವನ್ನು ಅರಳಿಸುವ ಹೂಮಳೆ ತಡವಾಗಿ, ಬೇಸಿಗೆ ಉದ್ದವಾಗಿ, ರೋಬಸ್ಟಾದ ಎಳೆಗಾಯಿ ಗೊಂಚಲುಗಳಲ್ಲಿ ಹಿಟ್ಟು ತಿಗಣೆ ಹತ್ತಿಯಂತೆ ಮುಸುಕಿತು. ಈ ಸಲ ಬಾಟಲಿ ತರಲಿಲ್ಲ. ಕಡೂರಿನ ಕಡೆಯ ಪರಿಚಯದವರಿಂದ ಬೇವಿನ ಬೀಜ ತರಿಸಿ, ಸಿಪ್ಪೆ ತೆಗೆದು, ತಿರುಳನ್ನು ಒರಳಿನಲ್ಲಿ ಕುಟ್ಟಿಸಿದೆವು. 100 ಲೀಟರ್ ನೀರಿಗೆ 5 ಕಿಲೋ ತಿರುಳು ಎಂಬ ಲೆಕ್ಕದಂತೆ 200 ಲೀಟರ್ ಬ್ಯಾರಲ್‌ಗೆ 10 ಕಿಲೋ. ಪುಡಿಯನ್ನು ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ ರಾತ್ರಿಯಿಡೀ ನೆನೆಹಾಕಿ, ಬೆಳಿಗ್ಗೆ ಹಿಂಡಿದರೆ ಹಾಲಿನಂತಹ ನೀರು ಇಳಿಯುತ್ತದೆ. ಮೊದಲ ದಿನ ಒಂದೇ ಸಲ ಸೋಸಿದ್ದರಿಂದ ಪಂಪಿನ ನಾಝಲ್ ಹತ್ತು ನಿಮಿಷಕ್ಕೊಮ್ಮೆ ಕಟ್ಟಿಕೊಂಡು ಅರ್ಧ ದಿನ ಹಾಳಾಯಿತು. ಮರುದಿನ ಹಳೆಯ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಎರಡು ಸಲ ಸೋಸಿದೆವು. ತಿಗಣೆಯ ಮೈಮೇಲಿನ ಮೇಣದ ಹೊದಿಕೆಯ ಮೇಲೆ ನೀರು ನಿಲ್ಲುವುದಿಲ್ಲವಾದ್ದರಿಂದ ಅದಕ್ಕೆ ಸಾಬೂನಿನ ನೀರು ಬೆರೆಸಿದೆವು. ಬಿಸಿಲು ಇಳಿದ ಮೇಲೆ, ತಿಗಣೆ ಕಂಡ ಗಿಡಗಳಿಗೆ ಮಾತ್ರ ಹೊಡೆದೆವು. ಜೊತೆಗೆ ತಿಗಣೆಯನ್ನು ಸಾಕುವ ಇರುವೆಗಳ ಗೂಡುಗಳನ್ನೂ ಹುಡುಕಿ ತೆಗೆಸಿದೆವು. ಎರಡು ವಾರಗಳ ಅಂತರದಲ್ಲಿ ಎರಡು ಸಿಂಪಡಣೆಗೆ ಮರಿ ತಿಗಣೆಗಳು ಬಹುತೇಕ ನಿಂತವು. ದೊಡ್ಡ ತಿಗಣೆಗಳು ಕೂಡಲೇ ಸಾಯಲಿಲ್ಲ, ಆದರೆ ಹೊಸ ಗೊಂಚಲುಗಳಿಗೆ ಹಬ್ಬಲಿಲ್ಲ. ಅವುಗಳನ್ನು ತಿನ್ನುವ ಗುಲಗಂಜಿ ಹುಳಗಳು ಗಿಡದಲ್ಲಿ ಹಾಗೆಯೇ ಓಡಾಡಿಕೊಂಡಿದ್ದವು.

ಒಂದು ಕಡೆ ಬೇವು ಕೆಲಸ ಮಾಡಿತು, ಇನ್ನೊಂದು ಕಡೆ ಗಿಡಮೂಲಿಕೆಯ ಹೆಸರಿನ ಔಷಧಿ ಮಾಡಲಿಲ್ಲ. ಇದರಲ್ಲಿ ಪವಾಡವೇನೂ ಇಲ್ಲ. ಯಾವ ಹುಳ, ಎಲ್ಲಿ ಕೂತಿದೆ, ಯಾವಾಗ ಸಿಗುತ್ತದೆ ಎಂಬ ಲೆಕ್ಕ ಇದೆ. ಬೇವಿನ ತಿರುಳಿನಲ್ಲಿರುವ ಅಜಾಡಿರಾಕ್ಟಿನ್ ಹುಳವನ್ನು ಹೊಡೆದು ಬೀಳಿಸುವ ವಿಷವಲ್ಲ. ಅದು ಹುಳದ ಬಾಯಿ ಕಟ್ಟುತ್ತದೆ, ಪೊರೆ ಕಳಚುವುದನ್ನು ಕೆಡಿಸುತ್ತದೆ, ಮೊಟ್ಟೆಯಿಡುವುದನ್ನು ತಡೆಯುತ್ತದೆ. ಹೊಡೆದ ಮರುದಿನ ಸತ್ತ ಹುಳಗಳನ್ನು ಹುಡುಕುವ ಬೆಳೆಗಾರ ನಿರಾಶನಾಗಿ ಮತ್ತೆ ಕಟು ವಿಷಕ್ಕೆ ಹೋಗುವುದು ಈ ಒಂದು ಮಾತನ್ನು ಯಾರೂ ಹೇಳದೆ ಇರುವುದರಿಂದ.

ಇನ್ನೂ ಕೆಲವು ವಿಷಯಗಳಿವೆ. ಈ ಸತ್ವ ಬಿಸಿಲಿಗೆ ಕೆಲವೇ ದಿನಗಳಲ್ಲಿ ಕೆಡುತ್ತದೆ, ಮಳೆಗೆ ತೊಳೆದುಹೋಗುತ್ತದೆ. ವರ್ಷಕ್ಕೆ ನೂರು ಇಂಚಿನ ಆಸುಪಾಸು ಮಳೆ ಸುರಿಯುವ ನಮ್ಮ ಹೋಬಳಿಯಲ್ಲಿ ಜುಲೈ ತಿಂಗಳಲ್ಲಿ ಬೇವಿನೆಣ್ಣೆ ಹೊಡೆಯಿರಿ ಎನ್ನುವವರು ಮಳೆಗಾಲದ ತೋಟವನ್ನು ಕಂಡವರಲ್ಲ. ಎರಡನೆಯದಾಗಿ, ಅಜಾಡಿರಾಕ್ಟಿನ್ ಕ್ಷಾರದಲ್ಲಿ ಉಳಿಯುವುದಿಲ್ಲ. ನಮ್ಮ ತೋಟಗಳಲ್ಲಿ ಬಳಕೆಯಾಗುವ ಬೋರ್ಡೋ ದ್ರಾವಣದಲ್ಲೂ (ರೋಗ ತಡೆಯಲು ಹೊಡೆಯುವ ಮೈಲುತುತ್ತದ ದ್ರಾವಣ) ಸುಣ್ಣವಿದೆ, ಬೋರರ್‌ಗೆ ಕಾಂಡಕ್ಕೆ ಹೊಡೆಯುವುದೂ ಸುಣ್ಣವೇ. ಆಳಿನ ಖರ್ಚು ಉಳಿಯಲೆಂದು ಒಂದೇ ಬ್ಯಾರಲ್‌ಗೆ ಬೋರ್ಡೋ ಜೊತೆ ಬೇವಿನೆಣ್ಣೆಯನ್ನೂ ಸುರಿಯುವ ರೂಢಿ ನಮ್ಮ ಸುತ್ತಮುತ್ತ ಬೇಕಾದಷ್ಟಿದೆ. ಅಲ್ಲಿ ಹೋದದ್ದು ಬೇವಿನ ದುಡ್ಡು. ಸುಣ್ಣ ಹೊಡೆದ ಕಾಂಡದ ಮೇಲೆಯೇ ಬೇವಿನೆಣ್ಣೆ ಬಳಿದರೆ ಎಷ್ಟು ಉಳಿಯುತ್ತದೆ, ಎರಡರಲ್ಲಿ ಒಂದನ್ನು ಆರಿಸಬೇಕೇ, ಆರಿಸುವುದಾದರೆ ಯಾವುದು ಎಂಬ ಪ್ರಶ್ನೆಗೆ ನಮ್ಮಂತಹ ಬೆಳೆಗಾರನಿಗೆ ಕನ್ನಡದಲ್ಲಿ ಒಂದು ಪುಟದ ಉತ್ತರ ಬೇಕು.

ಮೂರನೆಯದು ಬೀಜದ ವಯಸ್ಸು, ಇದನ್ನು ತಿಳಿದಾಗ ನನಗೇ ಆಶ್ಚರ್ಯವಾಯಿತು. ಬೇವಿನ ಹಣ್ಣು ಉದುರುವುದು ಮುಂಗಾರಿನ ಆರಂಭದ ತಿಂಗಳುಗಳಲ್ಲಿ. ಕಷಾಯಕ್ಕೆ ಒಳ್ಳೆಯದು 3ರಿಂದ 8 ತಿಂಗಳು ಹಳೆಯದಾದ, ನೆರಳಿನಲ್ಲಿ ಒಣಗಿಸಿದ, ಬೂಸು ಹಿಡಿಯದ ಬೀಜ. ಅಂದರೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ದುಂಬಿ ಹಾರಾಟಕ್ಕೆ ಬೀಜ ಸರಿಯಾದ ಹದದಲ್ಲಿರುತ್ತದೆ. ಏಪ್ರಿಲ್‌-ಮೇ ಹೊತ್ತಿಗೆ ಅದೇ ಬೀಜದ ಕಸುವು ಇಳಿದಿರುತ್ತದೆ. ಮೊಟ್ಟೆಯಿಡಲು ಬರುವ ದುಂಬಿಯನ್ನು ಕಾಂಡದಿಂದ ದೂರವಿಡಲು ಕಷಾಯವನ್ನು ಬಳಸುವುದಾದರೆ ಎರಡು ಹಾರಾಟಗಳಿಗೆ ಒಂದೇ ಶಿಫಾರಸು ಸಾಲದು ಎಂಬುದು ಇದರಿಂದ ನನಗೆ ತೋರುತ್ತದೆ. ನಾನು ವಿಜ್ಞಾನಿಯಲ್ಲ, ನನ್ನ ಊಹೆ ತಪ್ಪಿರಬಹುದು. ತೋಟದಲ್ಲಿ ಪರೀಕ್ಷಿಸಿ ಹೇಳುವ ಅಧಿಕಾರವೂ ಸಾಧನವೂ ಇರುವುದು ತಮ್ಮಲ್ಲಿ.

ಕಾಯಿಕೊರಕದ ಮಾತು ಬೇರೆ. 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಮೊದಲು ಕಂಡ ಈ ಸಣ್ಣ ಕಪ್ಪು ದುಂಬಿ ಕಾಯಿಯ ತುದಿಯಲ್ಲಿ ತೂತು ಕೊರೆದು ಒಳಗೇ ಸಂಸಾರ ಹೂಡುತ್ತದೆ. ಕಾಫಿ ಗಿಡ ತನ್ನ ರಕ್ಷಣೆಗೆ ತಾನೇ ತಯಾರಿಸಿಕೊಂಡ ಗಿಡಮೂಲಿಕೆ ಕೀಟನಾಶಕ ಎಂದರೆ ಕೆಫೀನ್. ಈ ದುಂಬಿಯ ಕರುಳಿನಲ್ಲಿರುವ ಬ್ಯಾಕ್ಟೀರಿಯಾಗಳು ಅದನ್ನೂ ಅರಗಿಸಿಬಿಡುತ್ತವೆ ಎಂದು 2015ರಲ್ಲಿ ವಿಜ್ಞಾನಿಗಳು ತೋರಿಸಿದರು. ಗಿಡದ ಸಾರವೆಂದ ಮಾತ್ರಕ್ಕೆ ಹುಳ ಶರಣಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಸಿಗಲಿಲ್ಲ. ಇಲ್ಲಿ ನಮ್ಮನ್ನು ಕಾಯುವುದು ಸಕಾಲದ ಕುಯಿಲು, ನೆಲಕ್ಕೆ ಉದುರಿದ ಕಾಯಿಯ ಹಕ್ಕಲನ್ನು ಒಂದೂ ಬಿಡದೆ ಆರಿಸುವುದು, ಕಣದಲ್ಲಿ ಸರಿಯಾಗಿ ಒಣಗಿಸುವುದು. ಕಷಾಯಕ್ಕೆ ಇದರಲ್ಲಿ ಪಾತ್ರ ಸಣ್ಣದೆಂದಾದರೆ ಸಣ್ಣದೆಂದೇ ಹೇಳಿ.

ಸಸ್ಯಮೂಲ ಎಂದರೆ ಅಪಾಯವಿಲ್ಲ ಎಂಬ ನಂಬಿಕೆಯ ಬಗ್ಗೆಯೂ ಎಚ್ಚರಿಕೆ ಅಗತ್ಯ. ಹೊಗೆಸೊಪ್ಪಿನ ಕಷಾಯವನ್ನು ಬರಿಗೈಯಲ್ಲಿ ಹಿಂಡಿ ವಾಂತಿ ಮಾಡಿಕೊಂಡ ಹುಡುಗನನ್ನು ನಾನೇ ಆಸ್ಪತ್ರೆಗೆ ಕರೆದೊಯ್ದಿದ್ದೇನೆ. ನಿಕೋಟಿನ್ ಚರ್ಮದ ಮೂಲಕವೇ ಮೈಗೆ ಸೇರುತ್ತದೆ. ಮೀನು ಹಿಡಿಯಲು ಹಳ್ಳಕ್ಕೆ ಕಾರೆಕಾಯಿ ಜಜ್ಜಿ ಹಾಕುತ್ತಿದ್ದ ಊರು ನಮ್ಮದು. ಗಿಡದ ಸಾರ ಹರಿಯುವ ನೀರಿಗೆ ಸೇರಿದರೆ ಏನಾಗುತ್ತದೆ ಎಂಬುದು ಇಲ್ಲಿನ ಹಿರಿಯರಿಗೆ ಗೊತ್ತು. ಹೇಮಾವತಿ ಹುಟ್ಟುವುದು ಇದೇ ತಾಲ್ಲೂಕಿನ ಜಾವಳಿಯಲ್ಲಿ. ನಮ್ಮ ತೋಟದ ನೀರು ಹರಿದು ಸೇರುವುದು ಕೆಳಗಿನವರ ಕುಡಿಯುವ ನೀರಿಗೆ. ಇನ್ನು ರೋಬಸ್ಟಾ ಕಾಯಿಕಟ್ಟಲು ಬೇರೆ ಗಿಡದ ಪರಾಗ ಬೇಕು, ಗಾಳಿಯ ಜೊತೆ ಜೇನುಗಳೂ ದುಡಿಯಬೇಕು. ಹೂವಿನ ದಿನಗಳಲ್ಲಿ ಯಾವ ಸಾರವನ್ನೂ ಹೊಡೆಯಬಾರದೆಂಬ ಮಾತು ದಪ್ಪ ಅಕ್ಷರದಲ್ಲಿ ಇರಬೇಕು.

ನನ್ನ ದೂರಿನ ಮುಖ್ಯ ಭಾಗ ಮಾರಾಟದ ಬಗ್ಗೆ. 1968ರ ಕೀಟನಾಶಕ ಕಾಯ್ದೆಯ ಪ್ರಕಾರ ಕೀಟ ಕೊಲ್ಲುತ್ತದೆಂದು ಹೇಳಿ ಮಾರುವ ಬೇವಿನ ಔಷಧಿಗೂ ನೋಂದಣಿ ಬೇಕು, ಅಜಾಡಿರಾಕ್ಟಿನ್ ಎಷ್ಟಿದೆ ಎಂದು ನಮೂದಿಸಬೇಕು. ಈ ಕಟ್ಟಳೆಯನ್ನು ತಪ್ಪಿಸಿಕೊಳ್ಳಲು ಅದೇ ದ್ರವವನ್ನು ಗಿಡದ ಟಾನಿಕ್ಕು, ಬೆಳವಣಿಗೆ ಚೋದಕ ಎಂಬ ಹೆಸರಿನಲ್ಲಿ ಮಾರಿ, ಹುಳ ಸಾಯುತ್ತದೆಂಬ ಮಾತನ್ನು ಬಾಯಲ್ಲಿ ಹೇಳಿ ಕಳಿಸುತ್ತಾರೆ. ಜೈವಿಕ ಚೋದಕಗಳನ್ನು 2021ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶದೊಳಗೆ ತಂದು, ಅವುಗಳಲ್ಲಿ ಕೀಟನಾಶಕದ ಅಂಶ ಇರದಂತೆ ಮಿತಿ ಹಾಕಿದ್ದು ಒಳ್ಳೆಯ ಹೆಜ್ಜೆ. ಆದರೆ ಮಲೆನಾಡಿನ ಪೇಟೆಯ ಅಂಗಡಿಯಿಂದ ಮಾದರಿ ತೆಗೆದು ಪರೀಕ್ಷಿಸಿದ್ದನ್ನು ನಾನಂತೂ ನೋಡಿಲ್ಲ. ಮೂರು ವರ್ಷ ಕಾದು ಸಾವಯವ ಪ್ರಮಾಣಪತ್ರ ಪಡೆದ ನನ್ನ ನೆರೆಯ ಬೆಳೆಗಾರರೊಬ್ಬರ ಪಾರ್ಚ್‌ಮೆಂಟ್‌ನಲ್ಲಿ (ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದು ಒಣಗಿಸಿದ ಕಾಫಿ ಬೀಜದಲ್ಲಿ) ರಾಸಾಯನಿಕದ ಶೇಷ ಸಿಕ್ಕಿತು. ಅವರು ತೋಟಕ್ಕೆ ಹಾಕಿದ್ದು ಗಿಡಮೂಲಿಕೆಯದೆಂದು ಕೊಂಡ ಒಂದೇ ಒಂದು ಔಷಧಿ. ಮಾಲು ವಾಪಸು ಬಂತು, ಪ್ರಮಾಣಪತ್ರವೂ ಹೋಯಿತು. ಬಿಲ್ಲು ಕೊಡದೆ ಮಾರಿದ್ದರಿಂದ ದೂರು ಕೊಡಲು ಅವರ ಬಳಿ ಖಾಲಿ ಬಾಟಲಿ ಬಿಟ್ಟರೆ ಏನೂ ಇರಲಿಲ್ಲ.

ಆದ್ದರಿಂದ ತಮ್ಮಲ್ಲಿ ವಿನಂತಿಸುವುದೇನೆಂದರೆ, ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳಲ್ಲಿ, ಅಂದರೆ ದುಂಬಿ ಹಾರುವ ಮುನ್ನ, ಕಾಫಿ ಸೀಮೆಯ ಅಂಗಡಿಗಳಿಂದ ಸಸ್ಯಮೂಲವೆಂದು ಮಾರುವ ಎಲ್ಲ ದ್ರವಗಳ ಮಾದರಿ ತೆಗೆದು, ಅವುಗಳಲ್ಲಿ ಹೇಳಿದ ಸತ್ವ ಇದೆಯೇ, ಹೇಳದ ವಿಷ ಇದೆಯೇ ಎಂದು ಪರೀಕ್ಷಿಸಿ ಫಲಿತಾಂಶವನ್ನು ಪತ್ರಿಕೆಗಳಲ್ಲಿ ಪ್ರಕಟಿಸಬೇಕು. ಯೂರಿಯಾಕ್ಕೆ ಬೇವಿನ ಲೇಪನವನ್ನು 2015ರಲ್ಲಿ ದೇಶಕ್ಕೆಲ್ಲ ಕಡ್ಡಾಯ ಮಾಡಲು ಸಾಧ್ಯವಾಯಿತು. ಬೇವಿನ ಬಾಟಲಿಯ ಒಳಗೆ ಬೇವು ಇದೆಯೇ ಎಂದು ನೋಡುವುದು ಅದಕ್ಕಿಂತ ಕಷ್ಟವಾಗಲಾರದು. ಯಾವ ಕೀಟಕ್ಕೆ ಯಾವ ಸಾರ, ಯಾವ ತಿಂಗಳು, ಬ್ಯಾರಲ್‌ಗೆ ಎಷ್ಟು, ಯಾವುದರ ಜೊತೆ ಬೆರೆಸಬಾರದು, ಯಾವ ಕೀಟಕ್ಕೆ ಇದು ನಡೆಯುವುದಿಲ್ಲ ಎಂಬುದನ್ನು ಆಳುಗಳಿಗೂ ಓದಿ ಹೇಳಬಹುದಾದ ಸರಳ ಕನ್ನಡದಲ್ಲಿ ಅಚ್ಚು ಹಾಕಿಸಿ ಸೊಸೈಟಿಗಳ ಮೂಲಕ ಹಂಚಬೇಕು. ನಡೆಯುವುದಿಲ್ಲ ಎಂಬ ಪಟ್ಟಿ ನಡೆಯುತ್ತದೆ ಎಂಬ ಪಟ್ಟಿಯಷ್ಟೇ ಮುಖ್ಯವಾದದ್ದು.

ನಮ್ಮ ಬೇಲಿಯ ಗಿಡಗಳನ್ನೂ ದಯವಿಟ್ಟು ನೋಡಿ. ಭತ್ತದ ಕಣಜಕ್ಕೆ ಹುಳ ಹತ್ತದಂತೆ ನಮ್ಮ ಅಜ್ಜಿ ಲಕ್ಕಿ ಸೊಪ್ಪು ಹಾಸುತ್ತಿದ್ದರು. ಹೊಂಗೆ, ಸೀತಾಫಲದ ಬೀಜ, ಆಡುಸೋಗೆ ಎಲ್ಲವೂ ಕೈಗೆಟಕುವಂತಿವೆ. ಇವುಗಳ ಬಗ್ಗೆ ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ನೋಡಿದ್ದು ಸಾಲದು, ನೆರಳಿನ ತೋಟದಲ್ಲಿ, ಹಾರಾಟದ ಕಾಲದಲ್ಲಿ, ಮಳೆ ಬಿದ್ದ ಮೇಲೆ ಏನಾಯಿತು ಎಂಬುದು ಬೇಕು. ಬೇವು ಮಲೆನಾಡಿನಲ್ಲಿ ಚೆನ್ನಾಗಿ ಬೆಳೆಯುವುದಿಲ್ಲ, ಆದರೆ ನಮ್ಮದೇ ಜಿಲ್ಲೆಯ ಕಡೂರು ಬಯಲುಸೀಮೆಯಲ್ಲಿ ಹಣ್ಣು ರಸ್ತೆಯುದ್ದಕ್ಕೂ ಬಿದ್ದು ತುಳಿತಕ್ಕೆ ಸಿಗುತ್ತದೆ. ಅಲ್ಲಿನ ಮಹಿಳಾ ಸ್ವಸಹಾಯ ಸಂಘಗಳು ಅದನ್ನು ಆರಿಸಿ, ಒಣಗಿಸಿ, ಆರಿಸಿದ ತಿಂಗಳನ್ನು ಚೀಲದ ಮೇಲೆ ಬರೆದು ಕೊಡುವ ವ್ಯವಸ್ಥೆ ಮಾಡಿದರೆ, ಮೂಡಿಗೆರೆ, ಕೊಪ್ಪ, ಸಕಲೇಶಪುರದ ಬೆಳೆಗಾರರು ನೇರವಾಗಿ ಕೊಳ್ಳುತ್ತೇವೆ. ನಾನು ಕಳೆದ ಸಲ ಕೊಂಡ ಬೀಜದಲ್ಲಿ ಕಾಲು ಪಾಲು ಬೂಸು ಹಿಡಿದಿತ್ತು, ಯಾವ ವರ್ಷದ್ದೆಂದು ಮಾರಿದವರಿಗೂ ಗೊತ್ತಿರಲಿಲ್ಲ.

ತೋಟದ ಪ್ರಯೋಗಕ್ಕೆ ಜಾಗದ ಕೊರತೆಯೆಂಬ ಕಾರಣ ಬಾರದಿರಲೆಂದು ನನ್ನ ಅರೇಬಿಕಾದಲ್ಲಿ 200 ಗಿಡಗಳ ಒಂದು ತಾಕನ್ನು ಮೂರು ವರ್ಷಕ್ಕೆ ಬಿಟ್ಟುಕೊಡಲು ಸಿದ್ಧನಿದ್ದೇನೆ. 50ಕ್ಕೆ ಸುಣ್ಣ, 50ಕ್ಕೆ ಬೇವಿನ ಕಷಾಯ, 50ಕ್ಕೆ ತಾವು ಆರಿಸಿದ ಸ್ಥಳೀಯ ಸೊಪ್ಪಿನ ಸಾರ, ಉಳಿದ 50ಕ್ಕೆ ಏನೂ ಇಲ್ಲ. ಏನೂ ಹಾಕದ ಗಿಡಗಳು ಹೋದರೆ ಆ ನಷ್ಟ ನನ್ನದು, ಪರಿಹಾರ ಕೇಳುವುದಿಲ್ಲ. ಮಳೆಯ ಇಂಚು-ಸೆಂಟುಗಳನ್ನು ದಿನವೂ ಬರೆದಿಡುವ ಪುಸ್ತಕ ನಮ್ಮ ಮನೆಯಲ್ಲಿ ತಂದೆಯವರ ಕಾಲದಿಂದ ಇದೆ, ಅದನ್ನೂ ಒದಗಿಸುತ್ತೇನೆ. ಮುಂದಿನ ಮಾರ್ಚ್‌ನಲ್ಲಿ ಗಿಡ ನೋಡುವ ಕೆಲಸ ಮೊದಲ ವಾರದಿಂದ ಶುರುವಾಗುತ್ತದೆ. ಅಷ್ಟರೊಳಗೆ ತಮ್ಮಲ್ಲಿ ಯಾರಾದರೂ ಒಬ್ಬರು ಬಂದು ತಾಕನ್ನು ಗುರುತು ಮಾಡಿಕೊಟ್ಟರೆ ಏಪ್ರಿಲ್‌ನ ಹಾರಾಟಕ್ಕೆ ಮುಂಚೆ ಆರಂಭಿಸಬಹುದು.

ಇಂತಿ ತಮ್ಮ ವಿಶ್ವಾಸಿ,
ಮೂಡಿಗೆರೆ ತಾಲ್ಲೂಕಿನ ಒಬ್ಬ ಕಾಫಿ ಬೆಳೆಗಾರ